ಆಡಿಸುವ ಕೈ ಕಂಡರೂ ಗೊಂಬೆ ಉಸಿರಾಡುತ್ತದೆ

(ರಂಗಾಸಕ್ತರ ಸಭೆಯೊಂದರಲ್ಲಿ ಮೂಕಾಭಿನಯ ಮತ್ತು ಗೊಂಬೆಯಾಟದ ಬಗ್ಗೆ ಆಡಿದ ಮಾತುಗಳ ಬರಹ ರೂಪ. ಅಲ್ಲಿ ಕೈಯಲ್ಲಿ ಮಾಡಿ ತೋರಿಸಿದ್ದನ್ನು ಇಲ್ಲಿ ಮಾತಿನಲ್ಲಿ ವಿವರಿಸಿದ್ದೇನೆ.)

ಸ್ನೇಹಿತರೇ,

ಚೀನಾದ ಪೀಕಿಂಗ್ ಒಪೆರಾ ಎಂಬ ಸಂಗೀತ ನಾಟಕ ಪರಂಪರೆಯಲ್ಲಿ ‘ಸಾನ್ ಚಾ ಕೌ’ ಎಂಬ ಪ್ರಸಂಗ ಬಹಳ ಹೆಸರುವಾಸಿ. ಕತೆ ಸಣ್ಣದು. ದಾರಿಬದಿಯ ಒಂದು ಛತ್ರ, ಅಲ್ಲಿ ರಾತ್ರಿ ತಂಗಿದ ಒಬ್ಬ ಯೋಧ. ಛತ್ರದ ಯಜಮಾನ ಅವನನ್ನು ಶತ್ರುವೆಂದು ತಪ್ಪಾಗಿ ತಿಳಿದು ನಡುರಾತ್ರಿ ಕತ್ತಿ ಹಿಡಿದು ಕೋಣೆಯೊಳಗೆ ಬರುತ್ತಾನೆ. ನಿಜದಲ್ಲಿ ಇಬ್ಬರೂ ಒಂದೇ ಪಕ್ಷದವರು. ಕಗ್ಗತ್ತಲೆಯಲ್ಲಿ ಯಾರು ಯಾರೆಂದು ತಿಳಿಯುವ ಬಗೆ ಇಲ್ಲ. ತಡಕಾಡುತ್ತಾರೆ, ಮೂಗಿಗೆ ಮೂಗು ತಾಗುವಷ್ಟು ಹತ್ತಿರ ಬಂದೂ ಕಾಣದೆ ದೂರ ಸರಿಯುತ್ತಾರೆ, ಒಬ್ಬ ಬೀಸಿದ ಕತ್ತಿ ಇನ್ನೊಬ್ಬನ ತಲೆಯ ಮೇಲೆ ಕೂದಲೆಳೆಯಲ್ಲಿ ಹಾದುಹೋಗುತ್ತದೆ. ಇಷ್ಟೆಲ್ಲ ನಡೆಯುವಾಗ ರಂಗದ ಮೇಲೆ ಒಂದು ದೀಪವನ್ನೂ ಆರಿಸುವುದಿಲ್ಲ. ಪೂರ್ತಿ ಬೆಳಕು. ಕತ್ತಲೆ ಇರುವುದು ಆ ಇಬ್ಬರು ನಟರ ಕಣ್ಣಿನಲ್ಲಿ, ಬೆರಳ ತುದಿಯಲ್ಲಿ, ನೆಲವನ್ನು ಹುಡುಕಿಕೊಂಡು ಹೋಗುವ ಪಾದದಲ್ಲಿ.

ದೀಪ ಆರಿಸಿದ್ದರೆ ನಮಗೆ ಏನೂ ಕಾಣುತ್ತಿರಲಿಲ್ಲ ಎಂಬುದು ಸರಿ. ಆದರೆ ವಿಷಯ ಅಷ್ಟಕ್ಕೇ ಮುಗಿಯುವುದಿಲ್ಲ. ಆ ಬೆಳಕಿನಲ್ಲಿ ಕೂತು ನಾವೇ ಕತ್ತಲೆಯನ್ನು ಹುಟ್ಟಿಸಿಕೊಳ್ಳುತ್ತೇವೆ. ನಟ ಕೈ ಚಾಚಿದಾಗ ‘ಅಯ್ಯೋ, ಅವನು ಅಲ್ಲೇ ಇದ್ದಾನೆ’ ಎಂದು ನಮ್ಮ ಜೀವ ಮುಂದಕ್ಕೆ ವಾಲುತ್ತದೆ. ಅದೇ ಪರಂಪರೆಯಲ್ಲಿ ಇನ್ನೊಂದು ಪ್ರಸಂಗ, ಮುದುಕ ಅಂಬಿಗನೂ ಪ್ರಿಯನನ್ನು ಅರಸಿ ಹೊರಟ ಹುಡುಗಿಯೂ ದೋಣಿಯಲ್ಲಿ ನದಿ ದಾಟುವುದು. ದೋಣಿ ಇಲ್ಲ, ನೀರಿಲ್ಲ. ಅಂಬಿಗನ ಕೈಯಲ್ಲಿ ಒಂದು ಹುಟ್ಟು ಮಾತ್ರ. ಅವನು ಮೊಣಕಾಲು ಬಗ್ಗಿಸಿದಾಗ ಅವಳು ಮೇಲೇರುತ್ತಾಳೆ, ಅವಳು ತಗ್ಗಿದಾಗ ಅವನು ಏರುತ್ತಾನೆ. ಇಬ್ಬರ ನಡುವಿನ ಆ ಏರಿಳಿತದಲ್ಲೇ ದೋಣಿಯ ಉದ್ದ ಎಷ್ಟು, ನೀರಿನ ಸೆಳೆತ ಎಷ್ಟು ಎಂಬುದು ನಮಗೆ ತಿಳಿದುಬಿಡುತ್ತದೆ.

ನಾನು ಇವತ್ತು ಹೇಳಬೇಕೆಂದು ಬಂದಿರುವುದು ಒಂದೇ ಮಾತು. ಮೂಕಾಭಿನಯ ಮತ್ತು ಗೊಂಬೆಯಾಟ ನಮ್ಮನ್ನು ಮೋಸಗೊಳಿಸಿ ನಂಬಿಸುವ ಕಲೆಗಳಲ್ಲ. ಅವು ಎಲ್ಲವನ್ನೂ ತೆರೆದಿಟ್ಟು, ‘ನೋಡಿ, ಇಲ್ಲಿ ಏನೂ ಇಲ್ಲ’ ಎಂದು ತೋರಿಸಿ, ಆಮೇಲೆ ನಂಬಿಸುತ್ತವೆ. ಅರ್ಧ ಕೆಲಸವನ್ನು ಅವು ಮಾಡುತ್ತವೆ, ಉಳಿದರ್ಧವನ್ನು ನಮ್ಮಿಂದ ಮಾಡಿಸುತ್ತವೆ. ಆ ನಮ್ಮ ಪಾಲಿನ ಅರ್ಧ ಕೆಲಸವೇ ಈ ಕಲೆಗಳ ಸೊಗಸು ಎಂದು ನಾನು ತಿಳಿದಿದ್ದೇನೆ. ಇದನ್ನು ಬರೀ ಅಭಿಪ್ರಾಯವಾಗಿ ಹೇಳಿಬಿಟ್ಟರೆ ಪ್ರಯೋಜನವಿಲ್ಲ. ಆ ಕೆಲಸ ಹೇಗೆ ನಡೆಯುತ್ತದೆ ಎಂದು ನೋಡೋಣ.

ನಿಮ್ಮ ಬಲಗೈಯನ್ನು ಮುಂದೆ ಚಾಚಿ, ಅಂಗೈಯನ್ನು ಗೋಡೆಗೆ ಒತ್ತಿದ ಹಾಗೆ ಚಪ್ಪಟೆ ಮಾಡಿ. ಈಗ ಕೈಯನ್ನು ಇದ್ದಲ್ಲೇ ಇಟ್ಟು ಮೈಯನ್ನು ಮಾತ್ರ ಎಡಕ್ಕೆ ಸರಿಸಿ. ಕಷ್ಟ, ಅಲ್ಲವೇ? ಮೈ ಸರಿದ ಕೂಡಲೇ ಕೈಯೂ ಹಿಂಬಾಲಿಸುತ್ತದೆ. ಅದು ಹಿಂಬಾಲಿಸಿದ ಕ್ಷಣದಲ್ಲೇ ಗೋಡೆ ಕುಸಿಯಿತು. ಮೈ ಎಷ್ಟು ಅಲುಗಿದರೂ ಗಾಳಿಯಲ್ಲಿ ಒಂದು ಬಿಂದುವನ್ನು ಅಲುಗದ ಹಾಗೆ ಹಿಡಿದಿಟ್ಟರೆ ಅಲ್ಲಿ ಗೋಡೆ ನಿಲ್ಲುತ್ತದೆ. 20ನೇ ಶತಮಾನದಲ್ಲಿ ಫ್ರಾನ್ಸಿನ ಎಟಿಯೆನ್ ದೆಕ್ರೂ ಮೂಕಾಭಿನಯಕ್ಕೆ ಒಂದು ವ್ಯಾಕರಣವನ್ನೇ ಕಟ್ಟಿದರು. ಅದರಲ್ಲಿ ಈ ಅಲುಗದ ಬಿಂದು ಮೊದಲ ಪಾಠಗಳಲ್ಲೊಂದು. ಎರಡನೆಯದು ಭಾರ. ಇಲ್ಲದ ಕೊಡವನ್ನು ಎತ್ತುವವನು ಕೈಯಿಂದ ಎತ್ತಿದರೆ ಅದು ಖಾಲಿ ಅಭಿನಯ. ಎತ್ತುವ ಮೊದಲೇ ಸೊಂಟ ಸಿದ್ಧವಾಗಬೇಕು, ಕಾಲು ನೆಲವನ್ನು ಒತ್ತಬೇಕು, ಭಾರ ಬಲಗೈಯಲ್ಲಿದ್ದರೆ ಎಡಭುಜ ಏರಬೇಕು. ಮೂಕಾಭಿನಯವನ್ನು ಮುಖದ ಕಲೆ ಎಂದುಕೊಂಡವರು ಬಹಳ ಜನ. ಅದು ಬೆನ್ನೆಲುಬಿನ ಕಲೆ.

ದೆಕ್ರೂ ಅವರ ಶಿಷ್ಯ ಮಾರ್ಸೆಲ್ ಮಾರ್ಸೋ ಇದನ್ನು ಲೋಕಕ್ಕೆಲ್ಲ ಪರಿಚಯಿಸಿದರು. ನಜ್ಜುಗುಜ್ಜಾದ ಎತ್ತರದ ಟೊಪ್ಪಿಗೆ, ಅದರ ಮೇಲೊಂದು ಕೆಂಪು ಹೂವು. ‘ಬಿಪ್’ ಎಂಬ ಆ ಪಾತ್ರ ಹುಟ್ಟಿದ್ದು 1947ರಲ್ಲಿ. ಅವರ ಕೆಲಸಗಳಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಮುಖವಾಡ ಮಾಡುವವನ ಪ್ರಸಂಗ. ಅವನು ಒಂದರ ಮೇಲೊಂದು ಮುಖವಾಡ ಹಾಕಿ ನೋಡುತ್ತಾನೆ: ಅಳುವುದು, ನಗುವುದು, ಮತ್ತೆ ಅಳುವುದು. ಮುಖವಾಡ ಯಾವುದೂ ಇಲ್ಲ, ಕೈ ಮುಖದ ಮುಂದೆ ಹಾದುಹೋದಾಗ ಮುಖ ಬದಲಾಗುತ್ತದೆ ಅಷ್ಟೆ. ಕೊನೆಗೆ ನಗುವ ಮುಖವಾಡ ಅಂಟಿಕೊಂಡುಬಿಡುತ್ತದೆ, ತೆಗೆಯಲು ಬರುವುದಿಲ್ಲ. ಎಳೆಯುತ್ತಾನೆ, ಕೀಳುತ್ತಾನೆ, ಸುಸ್ತಾಗುತ್ತಾನೆ. ಮುಖ ಬಾಯಿ ತುಂಬ ನಗುತ್ತಲೇ ಇದೆ, ಕತ್ತಿನಿಂದ ಕೆಳಗಿನ ಮೈ ಹತಾಶೆಯಿಂದ ಕುಸಿಯುತ್ತಿದೆ. ಒಂದೇ ಮನುಷ್ಯನಲ್ಲಿ ಎರಡು ಸತ್ಯಗಳನ್ನು ಒಟ್ಟಿಗೆ ಓದುವ ಕೆಲಸ ನಮ್ಮದಾಗುತ್ತದೆ. ಮಾತಿದ್ದಿದ್ದರೆ ಅವನೇ ಹೇಳಿಬಿಡುತ್ತಿದ್ದ, ನಮಗೆ ಮಾಡಲು ಏನೂ ಉಳಿಯುತ್ತಿರಲಿಲ್ಲ.

ಇದಕ್ಕಾಗಿ ನಾವು ಪ್ಯಾರಿಸಿನವರೆಗೆ ಹೋಗಬೇಕಾಗಿಯೂ ಇಲ್ಲ. ಪಕ್ಕದ ಕೇರಳದ ಕೂಡಿಯಾಟ್ಟಂ ಎಂಬ ಸಂಸ್ಕೃತ ನಾಟಕ ಪರಂಪರೆಯಲ್ಲಿ ರಾವಣ ಕೈಲಾಸವನ್ನು ಎತ್ತುವ ಭಾಗವಿದೆ. ಅಮ್ಮನ್ನೂರು ಮಾಧವ ಚಾಕ್ಯಾರರು ಈ ಭಾಗಕ್ಕೆ ಹೆಸರಾದವರು, 2008ರಲ್ಲಿ ತೀರಿಕೊಂಡರು. ಮುಂದೆ ಎಣ್ಣೆದೀಪ, ಹಿಂದೆ ಮಿಳಾವು ಎಂಬ ದೊಡ್ಡ ಚರ್ಮವಾದ್ಯ, ನಡುವೆ ಒಬ್ಬ ನಟ. ಪರ್ವತವನ್ನು ಎತ್ತುವ ಮೊದಲು ಅದು ಎಷ್ಟು ದೊಡ್ಡದು ಎಂದು ಕಣ್ಣು ಅಳೆಯುತ್ತದೆ. ಬುಡದಿಂದ ಹೊರಟ ನೋಟ ನಿಧಾನವಾಗಿ ಏರುತ್ತದೆ, ಏರುತ್ತಲೇ ಹೋಗುತ್ತದೆ, ಆಮೇಲೆ ಎಡಕ್ಕೆ, ಬಲಕ್ಕೆ. ಆ ಕಣ್ಣಾಲಿ ತಿರುಗಿದಷ್ಟೂ ಬೆಟ್ಟ ಬೆಳೆಯುತ್ತದೆ. ಎತ್ತುವ ಹೊತ್ತಿಗೆ ಪ್ರೇಕ್ಷಕರ ಭುಜಗಳೂ ಬಿಗಿಯಾಗಿರುತ್ತವೆ. ಇದು ಅವಸರದಲ್ಲಿ ಆಗುವ ಕೆಲಸವಲ್ಲ. ನೋಟ ನಿಂತಲ್ಲಿ ನಾವು ಕಟ್ಟಬೇಕು, ಕಟ್ಟಲು ನಮಗೆ ಸಮಯ ಬೇಕು, ಆ ಸಮಯವನ್ನು ಕೊಡುವ ಧೈರ್ಯ ನಟನಿಗೆ ಬೇಕು. ನಮ್ಮ ಇವತ್ತಿನ ನಾಟಕಗಳಲ್ಲಿ ಮೂಕಾಭಿನಯ ಬಂದರೆ ಬಹುಪಾಲು ಸೋಲುವುದು ಇಲ್ಲೇ. ಕೆಳಗಿಟ್ಟ ಕೊಡದ ಮೇಲೆಯೇ ನಡೆದುಹೋಗುತ್ತಾರೆ, ತೆರೆದ ಬಾಗಿಲನ್ನು ಮುಚ್ಚುವುದಿಲ್ಲ. ನಾವು ಕಟ್ಟಿದ್ದನ್ನು ಅವರೇ ಕೆಡವುತ್ತಾರೆ.

ಯಕ್ಷಗಾನ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಾಡು, ಹೊಳೆ, ಯುದ್ಧಭೂಮಿ ಎಲ್ಲವೂ ಅಲ್ಲಿ ಹೆಜ್ಜೆಯಲ್ಲೇ ಇವೆ, ಚಂಡೆಯ ಪೆಟ್ಟು ಅವಕ್ಕೆ ಭಾರ ಕೊಡುತ್ತದೆ. ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಭಸ್ಮಾಸುರನನ್ನು ನೆನಪಿಸಿಕೊಳ್ಳಿ. ಮೋಹಿನಿ ಕುಣಿದಂತೆ ತಾನೂ ಕುಣಿಯುತ್ತಾ, ಮೋಹದಲ್ಲಿ ಮೈಮರೆತು, ಆ ಕೈ ಸ್ವಂತ ತಲೆಯ ಕಡೆಗೆ ಏರತೊಡಗುವ ಗಳಿಗೆ. ಕತೆ ಎಲ್ಲರಿಗೂ ಗೊತ್ತು. ಆದರೂ ಆ ಕೈಯ ದಾರಿಯನ್ನು ಕಣ್ಣು ಬಿಟ್ಟು ಕದಲುವುದಿಲ್ಲ.

ಈಗ ಗೊಂಬೆಗೆ ಬರುತ್ತೇನೆ. ಮೂಕಾಭಿನಯದಲ್ಲಿ ವಸ್ತು ಇಲ್ಲ, ಮೈ ಇದೆ. ಗೊಂಬೆಯಾಟದಲ್ಲಿ ವಸ್ತು ಇದೆ, ಜೀವ ಇಲ್ಲ. ಎರಡರಲ್ಲೂ ಇಲ್ಲದ್ದನ್ನು ತುಂಬುವವರು ನಾವೇ. ಸಭೆಯಲ್ಲಿ ನಾನು ಒಂದು ಟವೆಲಿನ ಮೂಲೆಗೆ ಗಂಟು ಹಾಕಿದೆ. ಗಂಟು ತಲೆ, ಉಳಿದದ್ದು ಮೈ. ಕಣ್ಣಿಲ್ಲ, ಬಾಯಿಲ್ಲ. ಮೇಜಿನ ಮೇಲೆ ಮಲಗಿಸಿ ಮೈಯ ಭಾಗವನ್ನು ಒಂದು ಬೆರಳಿನಿಂದ ಸ್ವಲ್ಪ ಎತ್ತಿ ಇಳಿಸಿದೆ, ಮತ್ತೆ ಎತ್ತಿ ಇಳಿಸಿದೆ, ಉಸಿರಿನ ಲಯದಲ್ಲಿ. ಮುಂದಿನ ಸಾಲಿನಲ್ಲಿದ್ದ ಮಗುವೊಂದು ‘ನಿದ್ದೆ ಮಾಡ್ತಿದೆ’ ಎಂದಿತು. ಆಮೇಲೆ ಗಂಟನ್ನು ನಿಧಾನವಾಗಿ ಎತ್ತಿ ಆ ಮಗುವಿನ ಕಡೆಗೆ ತಿರುಗಿಸಿದೆ. ತಿರುಗಿಸುವಾಗ ನಾನು ಮಗುವನ್ನು ನೋಡಲಿಲ್ಲ, ಗಂಟನ್ನೇ ನೋಡುತ್ತಿದ್ದೆ. ಆಡಿಸುವವನ ಕಣ್ಣು ಎಲ್ಲಿದೆಯೋ ಸಭೆಯ ಕಣ್ಣು ಅಲ್ಲಿಗೆ ಹೋಗುತ್ತದೆ, ಗೊಂಬೆಯ ಮುಖ ಎತ್ತ ತಿರುಗುತ್ತದೋ ಅದರ ಮನಸ್ಸು ಅಲ್ಲಿದೆ ಎಂದು ಸಭೆ ತಿಳಿಯುತ್ತದೆ. ಉಸಿರು, ನೋಟ, ಭಾರ. ದೊಡ್ಡ ದೊಡ್ಡ ಗೊಂಬೆಯಾಟಗಳೂ ನಿಂತಿರುವುದು ಇವುಗಳ ಮೇಲೆಯೇ.

ಗೊಂಬೆಯ ಮುಖ ಬದಲಾಗದಿರುವುದು ಕೊರತೆ ಎಂದು ಹೊರಗಿನವರಿಗೆ ಅನ್ನಿಸಬಹುದು. ಜಪಾನಿನ ನೋ ರಂಗಭೂಮಿಯ ಮರದ ಮುಖವಾಡವನ್ನು ಸ್ವಲ್ಪ ಕೆಳಕ್ಕೆ ಬಾಗಿಸಿದರೆ ಅದರ ಮೇಲೆ ದುಃಖದ ಮೋಡ ಕವಿಯುತ್ತದೆ, ಸ್ವಲ್ಪ ಮೇಲಕ್ಕೆತ್ತಿದರೆ ಬೆಳಗುತ್ತದೆ. ಬೆಳಕು ನೆರಳಿನ ಜಾಗ ಬದಲಾಯಿತು, ಅಷ್ಟೆ. ಉಳಿದದ್ದನ್ನು ನೋಡುವವರ ಮನಸ್ಸು ಬರೆಯುತ್ತದೆ.

ಜಪಾನಿನದೇ ಗೊಂಬೆಯಾಟವಾದ ಬುನ್ರಾಕು ಬಗ್ಗೆ ಸ್ವಲ್ಪ ಹೆಚ್ಚು ಹೇಳುತ್ತೇನೆ, ಏಕೆಂದರೆ ನನ್ನ ಮಾತಿಗೆ ಇದಕ್ಕಿಂತ ಗಟ್ಟಿಯಾದ ಸಾಕ್ಷಿ ಇನ್ನೊಂದಿಲ್ಲ. 1684ರಲ್ಲಿ ತಾಕೆಮೊತೊ ಗಿದಾಯು ಎಂಬ ಕಥನಗಾಯಕ ಒಸಾಕಾದಲ್ಲಿ ತನ್ನ ಗೊಂಬೆ ರಂಗಮಂದಿರವನ್ನು ತೆರೆದ. ಮೊದಮೊದಲು ಒಂದು ಗೊಂಬೆಗೆ ಒಬ್ಬನೇ ಆಡಿಸುವವನು. 1734ರಲ್ಲಿ ಒಂದು ಗೊಂಬೆಯನ್ನು ಮೂವರು ಆಡಿಸುವ ಪದ್ಧತಿ ಬಂತು, ಅದೇ ಇವತ್ತಿಗೂ ನಡೆದಿದೆ. ಹಿರಿಯ ಕಲಾವಿದ ತಲೆಯನ್ನೂ ಬಲಗೈಯನ್ನೂ ಹಿಡಿಯುತ್ತಾನೆ, ಎರಡನೆಯವನು ಎಡಗೈ, ಮೂರನೆಯವನು ಕಾಲು. ಕಾಲಿಗೆ ಹತ್ತು ವರ್ಷ, ಎಡಗೈಗೆ ಹತ್ತು ವರ್ಷ, ಆಮೇಲೆ ತಲೆ ಎಂಬ ಮಾತು ಅಲ್ಲಿ ರೂಢಿಯಲ್ಲಿದೆ. ಹೆಣ್ಣು ಗೊಂಬೆಗಳಿಗೆ ಸಾಮಾನ್ಯವಾಗಿ ಕಾಲೇ ಇರುವುದಿಲ್ಲ. ಕಾಲಿನವನು ಉಡುಪಿನ ಅಂಚನ್ನು ಮುಷ್ಟಿಯಲ್ಲಿ ಹಿಡಿದು ಆಡಿಸಿ ಇಲ್ಲದ ಕಾಲನ್ನು ನಡೆಸುತ್ತಾನೆ, ಇಲ್ಲದ ಮೊಣಕಾಲನ್ನು ಊರಿಸುತ್ತಾನೆ. ಮೂವರ ನಡುವೆ ಮಾತಿಲ್ಲ. ಹಿರಿಯವನು ಗೊಂಬೆಯ ತಲೆ, ಭುಜಗಳ ಸಣ್ಣ ಅಲುಗಾಟದಲ್ಲೇ ಸೂಚನೆ ಕೊಡುತ್ತಾನೆ, ಉಳಿದಿಬ್ಬರು ಅದನ್ನು ಹಿಡಿಯುತ್ತಾರೆ.

ಈಗ ನೋಡಿ. ಈ ಮೂವರೂ ಮರೆಯಲ್ಲಿಲ್ಲ, ಗೊಂಬೆಯ ಬೆನ್ನಿಗೇ ನಿಂತಿದ್ದಾರೆ. ಇಬ್ಬರು ಕಪ್ಪು ಮುಸುಕು ಹಾಕಿಕೊಂಡಿರುತ್ತಾರೆ. ಹಿರಿಯ ಕಲಾವಿದ ಎಷ್ಟೋ ದೃಶ್ಯಗಳಲ್ಲಿ ಮುಸುಕಿಲ್ಲದೆ ಬರಿ ಮುಖದಲ್ಲೇ ಬರುತ್ತಾನೆ. ಆ ಮುಖದಲ್ಲಿ ಭಾವವಿಲ್ಲ. ಪಕ್ಕದ ವೇದಿಕೆಯ ಮೇಲೆ ಕೂತ ಗಾಯಕ ಹೊತ್ತಗೆಯನ್ನು ಹಣೆಗೆ ಒತ್ತಿಕೊಂಡು ನಮಸ್ಕರಿಸಿ, ಆಮೇಲೆ ಗಂಡಸು, ಹೆಂಗಸು, ಮಗು ಎಲ್ಲರ ದನಿಯನ್ನೂ ತಾನೊಬ್ಬನೇ ಆಡುತ್ತಾನೆ, ಅಳುತ್ತಾನೆ. ಮೈ ಒಂದು ಕಡೆ, ದನಿ ಇನ್ನೊಂದು ಕಡೆ, ಜೀವ ಕೊಡುವ ಕೈಗಳು ಮತ್ತೊಂದು ಕಡೆ. ಎಲ್ಲವನ್ನೂ ಬಿಡಿಬಿಡಿಯಾಗಿ ಹರಡಿ ಇಟ್ಟಿದ್ದಾರೆ. ಸ್ವಲ್ಪ ಹೊತ್ತಿನಲ್ಲಿ ನಾವು ಆ ಮೂವರು ಗಂಡಸರನ್ನು ಕಾಣುವುದನ್ನೇ ನಿಲ್ಲಿಸುತ್ತೇವೆ. ಯಾರೂ ಅವರನ್ನು ಬಚ್ಚಿಡಲಿಲ್ಲ, ನಾವೇ ಅಳಿಸಿದೆವು.

ಈ ರಂಗಕ್ಕೆ ಬರೆದ ಚಿಕಮತ್ಸು ಮೊಂಝಾಯೆಮೊನ್ ಜಪಾನಿನ ಅತಿ ದೊಡ್ಡ ನಾಟಕಕಾರರಲ್ಲೊಬ್ಬ. ನಿಜ ಮತ್ತು ನಿಜವಲ್ಲದ್ದರ ನಡುವಿನ ತೆಳುವಾದ ಪೊರೆಯಲ್ಲಿ ಕಲೆ ಇದೆ ಎಂದು ಅವನು ಹೇಳಿದನೆಂದು ದಾಖಲಾಗಿದೆ. ಅದನ್ನು ವಿವರಿಸಲು ಅವನು ಒಂದು ಕತೆ ಹೇಳಿದ್ದ. ಅರಮನೆಯ ಹೆಂಗಸೊಬ್ಬಳು ಅಗಲಿ ಇರಬೇಕಾದ ತನ್ನ ಪ್ರಿಯನ ಮರದ ಪ್ರತಿಮೆಯನ್ನು ಮಾಡಿಸುತ್ತಾಳೆ. ಚರ್ಮದ ರಂಧ್ರವೂ ತಪ್ಪದ ಹಾಗೆ, ಹಲ್ಲಿನ ಎಣಿಕೆಯೂ ತಪ್ಪದ ಹಾಗೆ. ಪ್ರತಿಮೆ ಬಂದು ಎದುರು ನಿಂತಾಗ ಅವಳ ಪ್ರೀತಿಯೇ ತಣ್ಣಗಾಯಿತು, ನೋಡಲಾಗದೆ ಬಿಸಾಡಿಬಿಟ್ಟಳು. ಈ ಕತೆಯನ್ನು ನಾನು ಪದೇ ಪದೇ ನೆನೆಯುತ್ತೇನೆ. ಎಲ್ಲವನ್ನೂ ತುಂಬಿಬಿಟ್ಟ ಪ್ರತಿಮೆಯಲ್ಲಿ ಅವಳ ಪ್ರೀತಿ ಕೂರಲು ಜಾಗವೇ ಇರಲಿಲ್ಲ.

ಗೊಂಬೆಯಾಟ ಮಕ್ಕಳ ಮನರಂಜನೆ ಎನ್ನುವವರಿಗೆ ಇದೇ ಚಿಕಮತ್ಸುವಿನ ಇನ್ನೊಂದು ಸಂಗತಿ ಹೇಳಬೇಕು. 1703ರಲ್ಲಿ ಒಸಾಕಾದ ಒಂದು ನಿಜ ಘಟನೆಯನ್ನು ಆಧರಿಸಿ ಅವನು ಗೊಂಬೆಗಳಿಗಾಗಿ ಒಂದು ದುರಂತ ಬರೆದ. ಅಂಗಡಿಯೊಂದರ ಗುಮಾಸ್ತ ಮತ್ತು ಒಬ್ಬ ವೇಶ್ಯೆ ಒಟ್ಟಿಗೆ ಪ್ರಾಣ ಬಿಡುವ ಕತೆ. ಅಂಥ ನಾಟಕಗಳು ಎಷ್ಟು ಜನಪ್ರಿಯವಾದವೆಂದರೆ 1720ರ ದಶಕದಲ್ಲಿ ಆಳುವವರು ಅವುಗಳನ್ನೇ ನಿಷೇಧಿಸಿದರು. ಜನ ಅವನ್ನು ಕಂಡು ಅದೇ ದಾರಿ ಹಿಡಿಯುತ್ತಾರೆಂಬ ಭಯ. ಮರದ ಗೊಂಬೆಗಳ ಸಾವಿಗೆ ಒಂದು ಸರ್ಕಾರ ಹೆದರಿತ್ತು.

ಸಾವಿನ ಮಾತು ಬಂದದ್ದರಿಂದ ಲಂಡನ್ನಿಗೆ ಹೋಗೋಣ. 2007ರ ಅಕ್ಟೋಬರಿನಲ್ಲಿ ಅಲ್ಲಿನ ನ್ಯಾಷನಲ್ ಥಿಯೇಟರಿನಲ್ಲಿ ‘ವಾರ್ ಹಾರ್ಸ್’ ನಾಟಕ ಬಂತು. ಮೊದಲ ಮಹಾಯುದ್ಧಕ್ಕೆ ಸಿಕ್ಕಿಬಿದ್ದ ಒಂದು ಕುದುರೆಯ ಕತೆ. ಕುದುರೆಗಳನ್ನು ಮಾಡಿದವರು ದಕ್ಷಿಣ ಆಫ್ರಿಕಾದ ಕೇಪ್ ಟೌನಿನ ಹ್ಯಾಂಡ್‌ಸ್ಪ್ರಿಂಗ್ ಗೊಂಬೆಯಾಟದ ಕಂಪನಿಯ ಬ್ಯಾಸಿಲ್ ಜೋನ್ಸ್ ಮತ್ತು ಏಡ್ರಿಯನ್ ಕೋಲರ್. ಬೆತ್ತದ ಹಂದರದ, ನಿಜ ಕುದುರೆಯ ಗಾತ್ರದ ಗೊಂಬೆ. ಇಬ್ಬರು ಅದರ ಹೊಟ್ಟೆಯೊಳಗೆ ನಿಂತು ಮುಂಗಾಲು, ಹಿಂಗಾಲು ನೋಡಿಕೊಳ್ಳುತ್ತಾರೆ. ಮೂರನೆಯವರು ಹೊರಗೆ ನಿಂತು ತಲೆ ಆಡಿಸುತ್ತಾರೆ, ಕಿವಿಯನ್ನು ಹೊರಳಿಸುತ್ತಾರೆ. ಹಂದರದ ನಡುವೆ ಮನುಷ್ಯರ ಕಾಲುಗಳು ಚೆನ್ನಾಗಿ ಕಾಣುತ್ತವೆ. ಮುಂಗಾಲಿನವರು ತಮ್ಮ ಮೊಣಕಾಲನ್ನು ಹದವಾಗಿ ಬಗ್ಗಿಸಿ ಎತ್ತಿದಾಗ ಕುದುರೆಯ ಎದೆ ಉಬ್ಬಿ ಇಳಿಯುತ್ತದೆ. ಕೆನೆತವನ್ನು ಮೂವರೂ ಸೇರಿ ಒಂದೇ ಗಂಟಲಿನಿಂದ ಬಂದಂತೆ ಹೊರಡಿಸುತ್ತಾರೆ. ಕುದುರೆ ಸುಮ್ಮನೆ ನಿಂತಾಗಲೂ ಉಸಿರಾಟ ನಿಲ್ಲುವುದಿಲ್ಲ. ಅಲ್ಲೇ ಅದರ ಜೀವ ಇರುವುದು, ಓಟದಲ್ಲಲ್ಲ.

ಜೋನ್ಸ್ ಮತ್ತು ಕೋಲರ್ ಹೇಳುವ ಒಂದು ಮಾತಿನ ಸಾರ ಹೀಗಿದೆ: ರಂಗದ ಮೇಲೆ ನಟ ಸಾಯಲು ಹೆಣಗಬೇಕು, ಗೊಂಬೆ ಬದುಕಲು ಹೆಣಗಬೇಕು. ಎಷ್ಟು ನಿಜ! ಸತ್ತಂತೆ ಬಿದ್ದ ನಟನ ಹೊಟ್ಟೆ ಏರಿಳಿಯುವುದು ನಮಗೆ ಕಾಣುತ್ತಿರುತ್ತದೆ. ಆ ನಾಟಕದಲ್ಲಿ ಟಾಪ್‌ಥಾರ್ನ್ ಎಂಬ ಎರಡನೆಯ ಕುದುರೆ ಬಳಲಿ ಬಿದ್ದು ಸಾಯುತ್ತದೆ. ಉಸಿರು ನಿಲ್ಲುತ್ತದೆ. ಆಮೇಲೆ ಅದನ್ನು ಆಡಿಸುತ್ತಿದ್ದವರು ಹಂದರದಿಂದ ಹೊರಗೆ ಬಂದು, ಅದನ್ನು ಅಲ್ಲೇ ಬಿಟ್ಟು ನಡೆದು ಹೋಗುತ್ತಾರೆ. ಅಲ್ಲಿಯವರೆಗೆ ನಾವು ಅಳಿಸಿಹಾಕಿದ್ದ ಮನುಷ್ಯರು ಆ ಕ್ಷಣದಲ್ಲಿ ಥಟ್ಟನೆ ಕಾಣಿಸಿಕೊಳ್ಳುತ್ತಾರೆ, ಮೈಯಿಂದ ಪ್ರಾಣ ಹೊರಟದ್ದು ಹಾಗೆ ಕಣ್ಣಿಗೇ ಬೀಳುತ್ತದೆ. ಆಡಿಸುವವರನ್ನು ಮೊದಲಿನಿಂದ ಮರೆಮಾಚಿದ್ದರೆ ಈ ದೃಶ್ಯ ಸಾಧ್ಯವೇ ಇರಲಿಲ್ಲ.

ನಮ್ಮ ಕೀಲುಕುದುರೆಯನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಸೊಂಟಕ್ಕೆ ಕುದುರೆಯ ಮೈ ಕಟ್ಟಿಕೊಂಡು ರಾಜನ ವೇಷದಲ್ಲಿ ಕುಣಿಯುವವನ ಸ್ವಂತ ಕಾಲುಗಳೇ ಕುದುರೆಯ ಕಾಲುಗಳು. ಮೇಲೆ ಸವಾರ, ಕೆಳಗೆ ಕುದುರೆ, ಎರಡೂ ಒಬ್ಬನೇ. ಸವಾರ ಗತ್ತಿನಲ್ಲಿ ಕೂತಿರಬೇಕು, ಕುದುರೆ ಕೆರಳಬೇಕು. ಜಾತ್ರೆಯಲ್ಲಿ, ದಸರಾ ಮೆರವಣಿಗೆಯಲ್ಲಿ ಗಾರುಡಿ ಗೊಂಬೆಯ ಜೊತೆ ಅದು ಹಾದುಹೋಗುತ್ತದೆ, ಫೋಟೊ ತೆಗೆದುಕೊಂಡು ನಾವು ಮುಂದೆ ಹೋಗುತ್ತೇವೆ. ಅದರಲ್ಲಿ ಎಂಥ ರಂಗಬುದ್ಧಿ ಇದೆ ಎಂದು ನಿಂತು ನೋಡುವವರು ಕಡಿಮೆ.

ಕುಂದಾಪುರದ ಹತ್ತಿರದ ಉಪ್ಪಿನಕುದ್ರುವಿನಲ್ಲಿ ಕಾಮತ್ ಮನೆತನದವರು ತಲೆತಲಾಂತರದಿಂದ ಯಕ್ಷಗಾನ ಗೊಂಬೆಯಾಟ ನಡೆಸುತ್ತಾ ಬಂದಿದ್ದಾರೆ. ದೇವಣ್ಣ ಕಾಮತರ ಮಗ ಕೊಗ್ಗ ಕಾಮತರು ಅದನ್ನು ದೇಶದಾಚೆಗೂ ಕೊಂಡೊಯ್ದರು. ಈಗ ಅವರ ಮಗ ಭಾಸ್ಕರ ಕೊಗ್ಗ ಕಾಮತರು ನಡೆಸುತ್ತಿದ್ದಾರೆ. ಸುಮಾರು ಒಂದೂವರೆ ಅಡಿಯ ಮರದ ಗೊಂಬೆ, ಅದಕ್ಕೆ ಬಡಗುತಿಟ್ಟಿನ ಪೂರ್ತಿ ವೇಷಭೂಷಣ. ಭುಜ, ಮೊಣಕೈ, ಸೊಂಟ, ಮೊಣಕಾಲುಗಳಲ್ಲಿ ಕೀಲು. ಐದಾರು ದಾರಗಳಲ್ಲಿ ಇಡೀ ಯಕ್ಷಗಾನ. ಕೆಲವು ಕ್ಲಿಷ್ಟ ಚಲನೆಗಳಿಗೆ ಒಂದೇ ಗೊಂಬೆಯನ್ನು ಇಬ್ಬರು ಮೂವರು ಆಡಿಸುವುದೂ ಉಂಟು. ಭಾಗವತರ ಪದ ಏರಿದಾಗ ಆ ಸಣ್ಣ ಕಾಲುಗಳು ತಾಳಕ್ಕೆ ಸರಿಯಾಗಿ ನೆಲ ಮುಟ್ಟಬೇಕು. ಅರ್ಧ ಅಂಗುಲ ಮೇಲೆ ಉಳಿದರೆ ಗೊಂಬೆ ತೇಲುತ್ತದೆ, ಅರ್ಧ ಅಂಗುಲ ಕೆಳಗಿಳಿದರೆ ಮೊಣಕಾಲು ಮಡಿಯುತ್ತದೆ. ಆ ಅರ್ಧ ಅಂಗುಲದ ನಿಗಾ ನನಗೆ ಬೆರಗು ಹುಟ್ಟಿಸುತ್ತದೆ.

ಮೈಸೂರು ಸೀಮೆಯ ಸೂತ್ರ ಸಲಾಕೆ ಗೊಂಬೆಯಾಟ ಇದಕ್ಕೆ ತೀರ ಬೇರೆ. ಗೊಂಬೆ ದೊಡ್ಡದು, ಭಾರ. ಅದರ ತಲೆಯ, ಮೈಯ ದಾರಗಳು ಆಡಿಸುವವರು ಕಿರೀಟದಂತೆ ತಲೆಗೆ ಹಾಕಿಕೊಂಡ ಬಳೆಗೆ ಕಟ್ಟಿರುತ್ತವೆ, ಕೈಗಳಿಗೆ ಸಲಾಕೆ. ಹಾಗಾಗಿ ಗೊಂಬೆಯ ಭಾರವನ್ನು ಹೊರುವುದು ಕಲಾವಿದರ ಕುತ್ತಿಗೆ. ತಾವು ತಲೆ ವಾಲಿಸಿದರೆ ಗೊಂಬೆ ವಾಲುತ್ತದೆ, ತಾವು ಗೆಜ್ಜೆ ಕಟ್ಟಿ ಹೆಜ್ಜೆ ಹಾಕಿದರೆ ಗೊಂಬೆ ಕುಣಿಯುತ್ತದೆ. ತೆರೆಯ ಹಿಂದೆ ಒಬ್ಬರು ನಿಜವಾಗಿ ಕುಣಿಯುತ್ತಿದ್ದಾರೆ ಎಂಬುದನ್ನು ಗೆಜ್ಜೆಯ ಸದ್ದು ಮುಚ್ಚಿಡುವುದಿಲ್ಲ.

ತೊಗಲುಗೊಂಬೆಯಲ್ಲಿ ಮೈಯೂ ಹೋಯಿತು, ಉಳಿದದ್ದು ಬಣ್ಣದ ನೆರಳು. ಶಿಳ್ಳೇಕ್ಯಾತ ಸಮುದಾಯದ ಕುಟುಂಬಗಳು ಊರಿಂದೂರಿಗೆ ಹೊತ್ತು ತಂದ ಕಲೆ ಅದು. ಗಂಡಸರೂ ಹೆಂಗಸರೂ ಕೂಡಿ ಆಡಿಸುವುದು, ಹಾಡುವುದು. ರಾಜರು, ದೇವತೆಗಳು ದೊಡ್ಡ ಗೊಂಬೆಗಳು, ಆಳುಕಾಳುಗಳು ಚಿಕ್ಕವು. ಹಾಸ್ಯಕ್ಕೆ ಕಿಳ್ಳೇಕ್ಯಾತ ಮತ್ತು ಅವನ ಹೆಂಡತಿ ಬಂಗಾರಕ್ಕ. ತೊಗಲನ್ನು ಹದಮಾಡಿ ಬೆಳಕು ತೂರುವಷ್ಟು ತೆಳುವಾಗಿಸಿ, ಬಣ್ಣ ಹಾಕಿ, ಒಡವೆಯ ಜಾಗದಲ್ಲಿ ಸಣ್ಣ ಸಣ್ಣ ತೂತು ಕೊರೆಯುತ್ತಾರೆ. ಪರದೆಗೆ ಒತ್ತಿ ಹಿಡಿದರೆ ಗೆರೆಗೆರೆಯೂ ಸ್ಪಷ್ಟ, ಸ್ವಲ್ಪ ಹಿಂದಕ್ಕೆಳೆದರೆ ಮಸುಕಾಗಿ ಹಿಗ್ಗುತ್ತದೆ. ಎಣ್ಣೆದೀಪದ ಕುಡಿ ಅಲುಗಿದಾಗಲೆಲ್ಲ ಪರದೆಯ ಮೇಲಿನ ರಾವಣ ಉಸಿರಾಡುತ್ತಾನೆ. ಬಲ್ಬು ಬಂದ ಮೇಲೆ ಬೆಳಕು ಹೆಚ್ಚಾಯಿತು, ಉಸಿರು ಕಡಿಮೆಯಾಯಿತು. ಬಲ್ಬು ಬೇಡವೆಂದು ನಾನು ಹೇಳುತ್ತಿಲ್ಲ. ದೀಪ ಮಾಡುತ್ತಿದ್ದ ಕೆಲಸವನ್ನು ಈಗ ಯಾರು ಮಾಡಬೇಕು ಎಂದು ಕಲಾವಿದರ ಜೊತೆ ಕೂತು ಯೋಚಿಸಬೇಕಿದೆ. ಕೊಪ್ಪಳ ಜಿಲ್ಲೆಯ ಮೊರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದಾಗ ಅವರ ವಯಸ್ಸು ತೊಂಬತ್ತು ದಾಟಿತ್ತು. ಬಳ್ಳಾರಿಯ ಬೆಳಗಲ್ಲು ವೀರಣ್ಣನವರು ಇದೇ ತೊಗಲಿನಲ್ಲಿ ಸ್ವಾತಂತ್ರ್ಯ ಹೋರಾಟದ ಕತೆಗಳನ್ನು ಪರದೆಗೆ ತಂದರು. ಹಳೆಯ ಕಲೆಗೆ ಹೊಸ ಕತೆ ಒಗ್ಗುವುದಿಲ್ಲ ಎನ್ನುವವರಿಗೆ ಅವರ ಕೆಲಸವೇ ಉತ್ತರ.

ಗೊಂಬೆಗೆ ದೊಡ್ಡವರ ಮಾತನ್ನು ಕೊಡಲು ನಮ್ಮ ಆಧುನಿಕ ನಾಟಕ ಹಿಂಜರಿದಿಲ್ಲ ಎಂಬುದನ್ನೂ ಹೇಳಬೇಕು. ಗಿರೀಶ ಕಾರ್ನಾಡರ ‘ಹಯವದನ’ದಲ್ಲಿ ಮಗುವಿಗೆಂದು ತಂದ ಎರಡು ಗೊಂಬೆಗಳಿವೆ. ತಲೆ ಅದಲುಬದಲಾಗಿ ಗೆಳೆಯನ ಗಟ್ಟಿ ಮೈ ಪಡೆದಿದ್ದ ದೇವದತ್ತನ ಮೈ ಮತ್ತೆ ಮೆತ್ತಗಾಗುತ್ತಿರುವುದು, ಅವನ ಹೆಂಡತಿ ಪದ್ಮಿನಿಯ ಕನಸಿನಲ್ಲಿ ಇನ್ನೊಬ್ಬ ಬರುತ್ತಿರುವುದು, ಮನೆಯ ಜನ ಬಾಯಿಬಿಟ್ಟು ಹೇಳದ ಈ ಸತ್ಯಗಳು ಮೊದಲು ಗೊತ್ತಾಗುವುದು ಆ ಗೊಂಬೆಗಳಿಗೆ.

ಒಂದು ಪ್ರಶ್ನೆ ನಿಮ್ಮಲ್ಲಿ ಕೆಲವರ ಮನಸ್ಸಿನಲ್ಲಿರಬಹುದು. ಸಿನಿಮಾದ ಪರದೆಯ ಮೇಲೆ ಹುಲಿಯ ಒಂದೊಂದು ಕೂದಲನ್ನೂ ಕಂಪ್ಯೂಟರಿನಲ್ಲಿ ಹುಟ್ಟಿಸಬಹುದಾದ ಕಾಲದಲ್ಲಿ ಬೆತ್ತ, ಬಟ್ಟೆ, ದಾರ ಯಾಕೆ? ಕಡಲ ನಡುವೆ ದೋಣಿಯೊಂದರಲ್ಲಿ ಹುಲಿಯ ಜೊತೆ ಸಿಕ್ಕಿಬಿದ್ದ ಹುಡುಗನ ಕತೆ ‘ಲೈಫ್ ಆಫ್ ಪೈ’ ಸಿನಿಮಾ, ನಾಟಕ ಎರಡೂ ರೂಪದಲ್ಲಿ ಬಂದಿದೆ. ಸಿನಿಮಾದ ಹುಲಿಯನ್ನು ನೋಡಿ ‘ಹೇಗೆ ಮಾಡಿದರು’ ಎಂದು ಕೇಳುತ್ತೇವೆ. ರಂಗದ ಹುಲಿಯನ್ನು ಹೇಗೆ ಮಾಡಿದರೆಂದು ಕೇಳಬೇಕಾಗಿಲ್ಲ, ಮಾಡುತ್ತಿರುವವರು ಕಣ್ಣೆದುರೇ ಬಗ್ಗಿ, ತೆವಳಿ, ಬೆವರುತ್ತಿದ್ದಾರೆ. ಆದರೂ ಅದು ದೋಣಿಯ ಅಂಚಿನಲ್ಲಿ ಭುಜ ತಗ್ಗಿಸಿ ತಿರುಗಿದಾಗ ಬೆನ್ನಿನಲ್ಲಿ ನಡುಕ ಹುಟ್ಟುತ್ತದೆ. 2022ರಲ್ಲಿ ಬ್ರಿಟನ್ನಿನ ಒಲಿವಿಯರ್ ಪ್ರಶಸ್ತಿಗಳಲ್ಲಿ ಅತ್ಯುತ್ತಮ ಪೋಷಕ ನಟ ಪ್ರಶಸ್ತಿಯನ್ನು ಆ ಹುಲಿಯ ಪಾತ್ರ ವಹಿಸಿದ ಏಳು ಮಂದಿಗೆ ಒಟ್ಟಿಗೆ ಕೊಟ್ಟರು. ಗೊಂಬೆಯಾಡಿಸುವುದು ಕುಸುರಿ ಕೆಲಸ ಮಾತ್ರವಲ್ಲ, ಅದು ನಟನೆ ಎಂದು ಒಪ್ಪಿಕೊಂಡ ಹಾಗಾಯಿತು. ಕೊಗ್ಗ ಕಾಮತರ ಕೈಯನ್ನೋ ಭೀಮವ್ವನವರ ಕೈಯನ್ನೋ ನಾವು ‘ನಟನೆ’ ಎಂದು ಕರೆದಿದ್ದೇವೆಯೇ? ಜಾನಪದ ಎಂಬ ಪೆಟ್ಟಿಗೆಯಲ್ಲಿಟ್ಟು ಗೌರವಿಸಿದ್ದೇವೆ. ನಮ್ಮ ರಂಗಶಿಕ್ಷಣದಲ್ಲಿ ಅವರ ಕೈ, ಕತ್ತು, ಉಸಿರಿನ ಪಾಠಕ್ಕೆ ಒಂದು ವಾರದ ಪ್ರಾತ್ಯಕ್ಷಿಕೆಗಿಂತ ಹೆಚ್ಚಿನ ಜಾಗ ಬೇಕು. ಗೊಂಬೆ ಹಿಡಿದು ಪಳಗಿದ ನಟ ಗೊಂಬೆ ಇಲ್ಲದಾಗಲೂ ರಂಗದ ಮೇಲೆ ಬೇರೆಯೇ ರೀತಿ ನಿಲ್ಲುತ್ತಾನೆ. ತನ್ನ ಕಡೆಗಿರುವ ಸಭೆಯ ನೋಟವನ್ನು ಇನ್ನೊಂದರ ಕಡೆಗೆ ದಾಟಿಸುವುದು ಹೇಗೆಂದು ಅವನು ಕಲಿತಿರುತ್ತಾನೆ.

ಕೊನೆಗೆ, ಗೊಂಬೆಯಾಟ ಏರ್ಪಡಿಸುವ ಸಂಘಸಂಸ್ಥೆಯವರು ಇಲ್ಲಿ ಬಂದಿದ್ದೀರಿ, ನಿಮಗೊಂದು ಬೇಡಿಕೆ. ಒಂದೂವರೆ ಅಡಿಯ ಗೊಂಬೆಯನ್ನು ಸಾವಿರ ಜನ ಕೂರುವ ಸಭಾಂಗಣಕ್ಕೆ ಕರೆಯುತ್ತೀರಿ. ಹಿಂದಿನವರಿಗೆ ಕಾಣಲಿ ಎಂದು ಕ್ಯಾಮೆರಾ ಇಟ್ಟು ಪಕ್ಕದ ದೊಡ್ಡ ಪರದೆಯ ಮೇಲೆ ತೋರಿಸುತ್ತೀರಿ. ಆಗ ಜನ ಪರದೆಯನ್ನು ನೋಡುತ್ತಾರೆ, ಗೊಂಬೆಯನ್ನಲ್ಲ. ಕ್ಯಾಮೆರಾ ಎಲ್ಲಿ ನೋಡು ಎನ್ನುತ್ತದೋ ಅಲ್ಲಿಗೆ ನೋಟ ಹೋಗುತ್ತದೆ, ನೋಡುವವರು ಮಾಡಬೇಕಾದ ಕೆಲಸವನ್ನು ಅದು ಕಸಿದುಕೊಳ್ಳುತ್ತದೆ. ಅದರ ಬದಲು ಚಿಕ್ಕ ಜಾಗ ಹುಡುಕಿ. ಶಾಲೆಯ ಹಜಾರ, ದೇವಸ್ಥಾನದ ಚಾವಡಿ, ನೂರು ಜನ ಹತ್ತಿರ ಕೂರುವಂಥದ್ದು ಸಾಕು. ಒಂದು ದೊಡ್ಡ ಪ್ರದರ್ಶನದ ಜಾಗದಲ್ಲಿ ಒಂದೇ ಸಂಜೆ ಎರಡು ಸಣ್ಣ ಪ್ರದರ್ಶನ ಇಟ್ಟು ಎರಡಕ್ಕೂ ಪೂರ್ತಿ ಸಂಭಾವನೆ ಕೊಡಿ. ಮೊದಲನೆಯದಕ್ಕೆ ಮಕ್ಕಳು ಬರಲಿ. ಎರಡನೆಯದು ರಾತ್ರಿಯ ಊಟದ ನಂತರ, ದೊಡ್ಡವರಿಗೆ ಎಂದೇ ಇರಲಿ, ಅದಕ್ಕೆ ತಕ್ಕ ಪ್ರಸಂಗವನ್ನು ಆರಿಸಿಕೊಳ್ಳಲು ಮೇಳದವರಿಗೇ ಬಿಡಿ.